ಬಿಲ್ ಇಲ್ಲದ ಪಫ್ ಹಿಟ್ಟು

ಹಿರೇಕೆರೂರು
12 ಫೆಬ್ರವರಿ 2024

ರಾಜಶ್ರೀ,

"ಪ್ರೀತಿಯ ಗೆಳತಿ" ಎಂದು ಶುರು ಮಾಡಿದರೆ ಅಷ್ಟಕ್ಕೇ ಹರಿದು ಬಿಸಾಕುತ್ತೀ ಎಂದು ಬರೀ ಹೆಸರು ಬರೆದಿದ್ದೇನೆ. ನನ್ನ ನಂಬರು ಬ್ಲಾಕ್ ಮಾಡಿ ವರ್ಷದ ಮೇಲಾಯಿತು. ಮಾಡಿಕೋ. ಅಂಚೆಯವನನ್ನು ಬ್ಲಾಕ್ ಮಾಡಲು ನಿನ್ನಿಂದಾಗದು, ಅದಕ್ಕೇ ಈ ಕಾಗದ.

ನನ್ನ ಗಂಡ ಶಿವಾನಂದ ಬೀಜದ ಏಜೆನ್ಸಿಯ ಕೆಲಸಕ್ಕೆ ಹಾನಗಲ್ಲು, ಶಿಗ್ಗಾಂವಿ, ಸವಣೂರು ಎಂದು ವಾರವೆಲ್ಲ ಸುತ್ತುವುದು ನಿನಗೆ ಗೊತ್ತೇ ಇದೆ. ಮೊನ್ನೆ ನನ್ನ ನಾದಿನಿ ಭಾಗ್ಯಶ್ರೀಯನ್ನು ನೋಡಲು ಗಂಡಿನವರು ಬರುವವರಿದ್ದರು. "ನಮ್ಮ ಸೊಸಿ ಬೇಕರಿ ಟ್ರೇನಿಂಗ್ ಮಾಡ್ಯಾಳ್ರಿ" ಎಂದು ನಮ್ಮತ್ತೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರಲ್ಲ, ಈಗ ಅದನ್ನು ತೋರಿಸಬೇಕಾಯಿತು. ಪಫ್ ಹಿಟ್ಟು ಮನೆಯಲ್ಲಿ ಮಡಿಸುತ್ತ ಕೂತರೆ ಉಳಿದ ಅಡುಗೆ ಯಾರು ಮಾಡಬೇಕು? ಅದಕ್ಕೆ ಇವರು ಸವಣೂರಿನ ಮುಬಶೀರ ಅವರ ಬೇಕರಿಯಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಹಾಕಿಸಿ ಒಂದು ಗಟ್ಟಿ ಪಫ್ ಹಿಟ್ಟು ತಂದುಕೊಟ್ಟರು. ಪ್ಲಾಸ್ಟಿಕ್ ಬಿಚ್ಚಿದೆ. ಮೂಲೆಯಲ್ಲಿ ಸಾಲಾಗಿ ಮೂರು ಗುಳಿ, ಮೂರೂ ಎಡಕ್ಕೆ ವಾರೆ!

ಎಲೆ ಖೋಡಿ, ಅದು ನಿನ್ನ ಡೊಂಕು ಕಿರುಬೆರಳು. ಹಾವೇರಿಯ ಟ್ರೇನಿಂಗಿನಲ್ಲಿ ಒಂದೊಂದು ಮಡಿಕೆ ಮುಗಿದಾಗ ಲೆಕ್ಕ ತಪ್ಪದಿರಲೆಂದು ಹಿಟ್ಟಿನ ಮೂಲೆಗೆ ಬೆರಳೊತ್ತಬೇಕು ಎಂದಿದ್ದರಲ್ಲ, ಎಲ್ಲರೂ ತೋರುಬೆರಳು ಒತ್ತಿದರೆ ನೀನು ಮಾತ್ರ ಕಿರುಬೆರಳು ಒತ್ತುತ್ತಿದ್ದೆ. ಕೇಳಿದರೆ "ಉಳಿದ ಬೆರಳಿಗೆ ಕೆಲಸ ಐತಿ, ಇದು ಖಾಲಿ ಕುಂತೈತಿ" ಎನ್ನುತ್ತಿದ್ದೆ. ನನಗೆ ಒಬ್ಬಳಿಗೇ ನಗು ಬಂತು. ಹಿಂದೆಯೇ ಅಳುವೂ ಬಂತು.

ಅದೇ ಹಿಟ್ಟಿನಿಂದ ನಮ್ಮ ತರಕಾರಿ ಟಾರ್ಟ್ ಮಾಡಿದೆ. ಚಪಾತಿಗಿಂತ ತುಸು ದಪ್ಪ ಲಟ್ಟಿಸಿ, ಅಂಚಿನಿಂದ ಬೆರಳಗಲ ಒಳಗೆ ಚಾಕುವಿನಿಂದ ಗೆರೆ ಎಳೆದು, ನಡುವೆಲ್ಲ ಫೋರ್ಕಿನಿಂದ ಚುಚ್ಚಿ, ಮೇಲೆ ಉಳ್ಳಾಗಡ್ಡಿ, ಬದನೆಕಾಯಿ, ಟಮಾಟಿ ಜೋಡಿಸಿದೆ. ಅಂಚು ಎದ್ದು ಗೋಡೆಯಾಗಿ ನಿಂತಿತು. ತಳ ಮಾತ್ರ ಸ್ವಲ್ಪ ಮೆತ್ತಗಾಯಿತು. ಆದರೂ ನಮ್ಮ ಮಾವ ಗೋಣೆಪ್ಪನವರು ಎರಡು ತುಂಡು ತಿಂದು ಮೂರನೆಯದಕ್ಕೆ ಕೈ ಚಾಚಿದರು. ಅತ್ತೆ ಯಂಕವ್ವ ಬೆರಳು ನೆಕ್ಕಿದರು. ನಾನು ಬಾಯಿ ಮುಚ್ಚಿಕೊಂಡು ಬಡಿಸಿದೆ.

ನನ್ನ ಸ್ಥಿತಿ ಏನು ಕೇಳುತ್ತೀ? ಗೋವಿನಜೋಳದ ರೇಟು ಏರಲೆಂದು ಚೀಲಗಳನ್ನು ಅಡುಗೆಮನೆ ಕಿಟಕಿಗೆ ಆತುಕೊಂಡೇ ಒಟ್ಟಿದ್ದಾರೆ. ಹಗಲು ಹನ್ನೆರಡಕ್ಕೂ ಲೈಟ್ ಹಾಕಿಕೊಂಡೇ ಒಗ್ಗರಣೆ ಕೊಡಬೇಕು. ಹೊರಗೆ ಮೋಡವೋ ಬಿಸಿಲೋ ಯಾರಾದರೂ ಬಂದು ಹೇಳಬೇಕು.

ಈ ಕಾಗದವನ್ನು ಭಾಗ್ಯಶ್ರೀ ಕಾಲೇಜಿಗೆ ಹೋಗುವಾಗ ಡಬ್ಬಿಗೆ ಹಾಕುತ್ತಾಳೆ. ಬೇಕರಿಯ ವಿಳಾಸಕ್ಕೇ ಬರೆದಿದ್ದೇನೆ. ಬೈಯುವುದಿದ್ದರೂ ಬೈದು ಬರೆ.

ನಿನ್ನ
ನಾಗರತ್ನಾ


ಹತ್ತಿಮತ್ತೂರು
1 ಮಾರ್ಚ್ 2024

ನಾಗರತ್ನಾ,

ಹೌದು, ಅದು ನನ್ನ ಬೆರಳೇ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಸವಣೂರಿಗೆ ಹೋಗುತ್ತೇನೆ, ಬೇಕರಿಯ ಹಿಂದಿನ ಕೋಣೆಯಲ್ಲಿ ಹಿಟ್ಟು ಮಡಿಸುತ್ತೇನೆ, ಸಂಜೆ ಬರುತ್ತೇನೆ. ಮುಬಶೀರ ಅಣ್ಣ ಕೆಲಸ ನೋಡುತ್ತಾರೆ, ಕೇರಿ ಕೇಳುವುದಿಲ್ಲ.

ನೀನು ನಗು ಬಂತು, ಅಳು ಬಂತು ಎಂದು ಬರೆದಿದ್ದೀ. ಆ ಬುಧವಾರದ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಇರಲಿ, ನಾನೇ ಬರೆಯುತ್ತೇನೆ.

ನಾವಿಬ್ಬರೂ ಸೇರಿ ಹಿರೇಕೆರೂರಿನಲ್ಲಿ "ರಾಜರತ್ನ ಬೇಕರಿ" ತೆಗೆಯುವುದಿತ್ತು. ಹೆಸರು ಇಟ್ಟವಳು ನೀನು. "ಮೊದಲು ನಮ್ಮ ಮನ್ಯಾಗ ಮಾಡಿ ತೋರ್ಸೂಣು, ತಿಂದ್ರಂದ್ರ ತಾವಾಗೇ ಹ್ಞೂಂ ಅಂತಾರ" ಎಂದು ಕರೆದವಳೂ ನೀನೇ. ಹಿಂದಿನ ದಿನವೇ ಹಿಟ್ಟು ಮಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಾವೇರಿಯಲ್ಲಿ ಬಸ್ ಬದಲಿಸಿ ತೊಡೆಯ ಮೇಲಿಟ್ಟುಕೊಂಡು ತಂದೆ. ನಿಮ್ಮ ಕಟ್ಟೆಯ ಮೇಲೆ ಲಟ್ಟಿಸಿದೆವು. ನಿಮ್ಮತ್ತೆ ಚಹಾ ಕೊಟ್ಟರು. ನಿಮಗೆಲ್ಲ ಸ್ಟೀಲಿನ ಲೋಟ, ನನಗೆ ಪೇಪರ್ ಕಪ್ಪು. ಟಾರ್ಟ್ ಕತ್ತರಿಸಿ ತಂದಿಟ್ಟಾಗ ನಿಮ್ಮ ಮಾವ "ನಂದು ಉಪಾಸ ಐತಿ" ಎಂದರು. ಅತ್ತೆಗೂ ಉಪಾಸ. ನಿನ್ನ ಗಂಡನಿಗೂ ಉಪಾಸ. ಬುಧವಾರ ಯಾವ ದೇವರ ಉಪವಾಸ ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

ಅವರದು ಬಿಡು. ನಾನು ನಿನ್ನ ಕಡೆ ನೋಡಿದೆ. ನೀನು "ಆಮ್ಯಾಲೆ ತಿಂತೇನಿ" ಎಂದೆ. ಟಾರ್ಟ್ ಒಂದು ತುಂಡೂ ಕಡಿಮೆಯಾಗದೆ ತಾಟಿನಲ್ಲೇ ಕೂತಿತ್ತು. ನಾನು ಎದ್ದು ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲೇ ನಿನ್ನ ನಂಬರು ಬ್ಲಾಕ್ ಮಾಡಿದೆ.

ಈಗ ನಿಮ್ಮ ಮಾವ ಮೂರನೆಯ ತುಂಡಿಗೆ ಕೈ ಚಾಚುತ್ತಾರಂತೆ. ಬಹಳ ಸಂತೋಷ. ಅವರಿಗೆ ಹೇಳು: ಇದು ರಾಜಶ್ರೀ ಮಾಡಿದ ಹಿಟ್ಟು. ಇಷ್ಟೇ ಹೇಳು. ಹೇಳಿದ ದಿನ ಬ್ಲಾಕ್ ತೆಗೆಯುತ್ತೇನೆ.

ರಾಜಶ್ರೀ ಮಾರೆಪ್ಪ

ತಳ ಮೆತ್ತಗಾದದ್ದು ಟಮಾಟಿಯ ನೀರಿನಿಂದ. ಟಮಾಟಿಗೆ ಉಪ್ಪು ಹಚ್ಚಿ ಸೋಸಿಡಬೇಕು, ಉಳ್ಳಾಗಡ್ಡಿ ಮೊದಲು ಹುರಿಯಬೇಕು, ಅದು ನಿನಗೆ ಯಾವತ್ತೂ ನೆನಪಿರುವುದಿಲ್ಲ. ಹಿಟ್ಟಿನ ಮೇಲೆ ತರಕಾರಿಗಿಂತ ಮೊದಲು ನಮ್ಮ ಕುರುಕಲು ಸವಣೂರ ಖಾರಾ ಇದೆಯಲ್ಲ, ಅದನ್ನು ಪುಡಿ ಮಾಡಿ ಉದುರಿಸು, ನೀರನ್ನು ಅದು ಕುಡಿಯುತ್ತದೆ. ಸಿಟ್ಟು ನಿನ್ನ ಮೇಲೆ, ಹಿಟ್ಟಿನ ಮೇಲಲ್ಲ, ಅದಕ್ಕೇ ಬರೆದೆ.


ಹಿರೇಕೆರೂರು
14 ಮಾರ್ಚ್ 2024

ರಾಜಶ್ರೀ,

ನಿನ್ನ ಕಾಗದ ಬಂದಾಗ ಅತ್ತೆ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಯಾರ್ದವಾ ಅದು?" ಎಂದರು. "ಟ್ರೇನಿಂಗಿನ್ಯಾರದ್ರಿ" ಎಂದೆ. ಸುಳ್ಳೇನಲ್ಲ. ಬಚ್ಚಲಿಗೆ ಹೋಗಿ ಓದಿದೆ. ಈ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುವುದು ಅದೊಂದಕ್ಕೇ.

ನೀನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ಈಗಲೇ ಹೇಳು ಎಂದರೆ ಹೇಗೆ ಹೇಳಲಿ? ತಿಳವಳ್ಳಿಯ ಗಂಡಿನವರು ಭಾಗ್ಯಶ್ರೀಯನ್ನು ಒಪ್ಪುವ ಹಾಗಿದ್ದಾರೆ. ಹುಡುಗ ಒಳ್ಳೆಯವನು, ಹುಡುಗಿಗೂ ಮನಸ್ಸಿದೆ. ಇಂಥ ಹೊತ್ತಿನಲ್ಲಿ ನಾನು ಬಾಯಿ ತೆಗೆದು ಮನೆ ರಣರಂಗವಾದರೆ ಆ ಹುಡುಗಿಯ ಗತಿ ಏನು? ಅದು ಒಂದು ನಿಶ್ಚಯವಾಗಿಬಿಡಲಿ. ಆಮೇಲೆ ಖಂಡಿತ ಹೇಳುತ್ತೇನೆ.

ನೀನು ನನ್ನನ್ನು ಹೇಡಿ ಎನ್ನುತ್ತೀ. ಅನ್ನು. ನಿನಗೆ ಬೆಳಿಗ್ಗೆ ಎದ್ದು ಬಸ್ಸು ಹತ್ತುವುದಾದರೂ ಇದೆ. ನಾನು ಮೊನ್ನೆ "ಸಂತಿಗೆ ಹೋಗಿ ಬರ್ತೇನ್ರಿ" ಎಂದರೆ ಅತ್ತೆ "ಯಾಕವಾ, ಏನ್ ಬೇಕು ಹೇಳು, ತರಸ್ತೇನಿ" ಎಂದರು. "ಸುಮ್ನ ನೋಡಿ ಬರ್ತೇನ್ರಿ" ಎಂದೆ. "ಸಂತ್ಯಾಗ ನೋಡೂದೇನೈತಿ? ಅದ ಬದ್ನಿಕಾಯಿ, ಅದ ಮಂದಿ" ಎಂದರು. ಬೈಗುಳವಿಲ್ಲ, ಹೊಡೆತವಿಲ್ಲ. ಬೇಕೆಂದದ್ದೆಲ್ಲ ಕೈಗೆ ತಂದುಕೊಡುತ್ತಾರೆ. ಹೊಸ್ತಿಲು ದಾಟಬೇಕು ಎಂದರೆ ಮಾತ್ರ ಯಾರಿಗೂ ಅರ್ಥವೇ ಆಗುವುದಿಲ್ಲ. ಇಂಥವರ ಜೊತೆ ಜಗಳವಾದರೂ ಹೇಗೆ ತೆಗೆಯುವುದು, ನೀನೇ ಹೇಳು.

ಖಾರಾ ಪುಡಿಯ ಉಪಾಯ ಭಲೇ ಆಯಿತು. ತಳ ಕಟಕಟ ಎನ್ನುತ್ತಿತ್ತು. ಮಾವ ನಾಲ್ಕು ತಿಂದರು.

ನಾಗರತ್ನಾ


ಹತ್ತಿಮತ್ತೂರು
19 ಏಪ್ರಿಲ್ 2024

ನಾಗರತ್ನಾ,

ಆಮೇಲೆ ತಿನ್ನುತ್ತೇನೆ ಎಂದಿದ್ದೆ. ಈಗ ಆಮೇಲೆ ಹೇಳುತ್ತೇನೆ ಎನ್ನುತ್ತೀ.

ಇನ್ನು ಮುಂದೆ ನಿಮ್ಮ ಮನೆಗೆ ಬರುವ ಗಟ್ಟಿಯ ಮೂಲೆ ಕತ್ತರಿಸಿ ಕೊಡುತ್ತೇನೆ. ಗುಳಿ ಕಾಣದಿದ್ದರೆ ನಿನಗೂ ಸಲೀಸು.

ರಾಜಶ್ರೀ


ಹಿರೇಕೆರೂರು
20 ಮೇ 2024

ರಾಜಶ್ರೀ,

ಹೇಳಿಬಿಟ್ಟೆ. ಮೊದಲು ಇದನ್ನು ಓದಿಕೋ, ಉಳಿದದ್ದು ಆಮೇಲೆ.

ನೀನು ಕತ್ತರಿಸಿ ಕಳಿಸಿದ ಗಟ್ಟಿ ಬಂತು. ನಾಲ್ಕೂ ಬದಿ ನುಣ್ಣಗೆ. ತಿರುಗಿಸಿ ಮುರುಗಿಸಿ ನೋಡಿದೆ, ಮೂಸಿಯೂ ನೋಡಿದೆ, ಹುಚ್ಚಿಯ ಹಾಗೆ. ಯಾರದೋ ಹಿಟ್ಟು. ಇಷ್ಟು ದಿನ ಆ ಮೂರು ಗುಳಿ ಕಂಡಾಗ ಈ ಕತ್ತಲೆ ಅಡುಗೆಮನೆಯಲ್ಲಿ ನೀನು ನನ್ನ ಪಕ್ಕ ನಿಂತ ಹಾಗಾಗುತ್ತಿತ್ತು. ನಿನ್ನನ್ನು ಹೊರಗೆ ಕಳಿಸಿ ನಿನ್ನ ಗುರುತನ್ನು ಮಾತ್ರ ಒಳಗಿಟ್ಟುಕೊಂಡು ಸುಖಪಡುತ್ತಿದ್ದೆ, ಅಷ್ಟೇ. ಕಟ್ಟೆಗೆ ತಲೆಯಿಟ್ಟು ಅತ್ತುಬಿಟ್ಟೆ. ಸೆಕೆಗೆ ಹಿಟ್ಟಿನ ಡಾಲ್ಡಾ ಕರಗಿ ಬೆವರುತ್ತಿತ್ತು. ಹಾಗೇ ಲಟ್ಟಿಸಿ, ಬೇಯಿಸಿ, ಊಟಕ್ಕೆ ಎಲ್ಲರೂ ಕೂತಾಗ ತಾಟು ನಡುವೆ ಇಟ್ಟು ಹೇಳಿದೆ:

"ಈ ಹಿಟ್ಟು ರಾಜಶ್ರೀ ಮಾಡಿದ್ದು ನೋಡ್ರಿ. ನೀವು ಇಷ್ಟ ದಿನ ತಿಂದಿದ್ದೂ ಅಕಿ ಮಾಡಿದ್ದ."

ತಾಟು ಹಾರುತ್ತದೆ, ಮಾವ ಎದ್ದು ಹೋಗುತ್ತಾರೆ, ಅತ್ತೆ ಬಾಯಿಗೆ ಬೆರಳು ಹಾಕಿ ವಾಂತಿ ಮಾಡುತ್ತಾರೆ ಎಂದೆಲ್ಲ ಅಂದುಕೊಂಡಿದ್ದೆ. ಅತ್ತೆ ಉಪ್ಪಿನಕಾಯಿ ಹಾಕಿಕೊಳ್ಳುತ್ತ ಏನೆಂದರು ಗೊತ್ತೇ?

"ಗೊತ್ತೈತಿ."

"ಗೊತ್ತೈತಿ ಅಂದ್ರ?"

"ಶಿವಾನಂದ ಮೊದಲನೇ ದಿನಾನ ಹೇಳ್ಯಾನ. ಅಕಿನ್ನ ಅಲ್ಲಿ ನೋಡ್ಯಾನ."

ನಾನು ಇವರ ಮುಖ ನೋಡಿದೆ. ಇವರು ರೊಟ್ಟಿ ಮುರಿಯುತ್ತಿದ್ದರು. ಮಾವ ಹೇಳಿದರು, "ಅಂಗಡಿ ಮಾಲಿಗೆ ಅದೆಲ್ಲಾ ಏನ್ ನೋಡ್ತೀ? ಬಸ್ ಸ್ಟ್ಯಾಂಡಿನ ಬ್ರೆಡ್ಡು ಯಾರ್ ಮಾಡ್ಯಾರಂತ ಕೇಳಿ ತಿಂತೇವೇನು? ರೊಕ್ಕಾ ಕೊಟ್ಟೇವಿ, ಬಿಲ್ ತೊಗೊಂಡೇವಿ, ಮುಗೀತು." ಹೇಳಿ ಎರಡನೆಯ ತುಂಡು ತೆಗೆದುಕೊಂಡರು.

"ಹಂಗಾರ ಅಕಿ ಇಲ್ಲೇ ಬಂದು, ನಮ್ಮ ಕಟ್ಟಿ ಮ್ಯಾಲ ಮಾಡಿದ್ರ?"

"ಅದು ಬ್ಯಾರೆ," ಎಂದರು ಅತ್ತೆ. ಸಿಟ್ಟಿಲ್ಲ, ಏನಿಲ್ಲ. "ಅದು ಬ್ಯಾರೆ, ಇದು ಬ್ಯಾರೆ. ನೀನು ಉಣ್ಣು."

ನಾನು ಬಾಂಬು ಕಟ್ಟಿಕೊಂಡು ತಿಂಗಳುಗಟ್ಟಲೆ ಉಸಿರು ಹಿಡಿದುಕೊಂಡು ಓಡಾಡಿದೆನಲ್ಲ ರಾಜಿ, ಅದು ಟುಸ್ ಎನ್ನಲೂ ಇಲ್ಲ. ಈ ಮನೆಯವರಿಗೆ ಎಲ್ಲ ಗೊತ್ತಿದೆ. ಗೊತ್ತಿದ್ದೇ ತಿನ್ನುತ್ತಾರೆ, ಗೊತ್ತಿದ್ದೇ ನಿನ್ನನ್ನು ಒಳಗೆ ಬಿಡುವುದಿಲ್ಲ. ಗೊತ್ತಿಲ್ಲದವರಿಗಾದರೆ ಹೇಳಬಹುದು. ಗೊತ್ತಿದ್ದವರಿಗೆ ನಾನು ಇನ್ನೇನು ಹೇಳಲಿ?

ನಾಗರತ್ನಾ


ಹತ್ತಿಮತ್ತೂರು
8 ಜೂನ್ 2024

ನಾಗರತ್ನಾ,

ಮಾತಿನಂತೆ ಬ್ಲಾಕ್ ತೆಗೆದಿದ್ದೇನೆ. ಆದರೆ ಫೋನ್ ಮಾಡಬೇಡ. ಫೋನಿನಲ್ಲಿ ನೀನು ಬೇಗ ಅಳುತ್ತೀ, ನಾನು ಬೇಗ ಕರಗುತ್ತೇನೆ. ಬರೆ.

ನಿನ್ನ ಗಂಡನಿಗೆ ಗೊತ್ತಿದೆ ಎಂದು ನನಗೆ ಗೊತ್ತಿತ್ತು. ಗಟ್ಟಿ ಕೊಡಲು ನಾನು ಹಿಂದಿನ ಕೋಣೆಯಿಂದ ಬಂದರೆ ಅವರು ಬಿಸ್ಕೀಟಿನ ಭರಣಿ ನೋಡುತ್ತ ನಿಲ್ಲುತ್ತಾರೆ. ನಾನು ಮುಬಶೀರ ಅಣ್ಣನ ಕೈಗೆ ಕೊಡಬೇಕು, ಅಣ್ಣ ಅವರಿಗೆ ಕೊಡಬೇಕು. ನಿನಗೆ ಮೊದಲೇ ಬರೆಯಬಹುದಿತ್ತು. ಬರೆದಿದ್ದರೆ ನೀನು ನಂಬುತ್ತಿರಲಿಲ್ಲ, ನಮ್ಮವರು ಹಾಗಲ್ಲ, ಅವರಿಗೆ ತಿಳಿದಿಲ್ಲ ಅಷ್ಟೇ ಎನ್ನುತ್ತಿದ್ದೆ. "ಅದು ಬ್ಯಾರೆ" ಎನ್ನುವುದನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ನೀನು ಈಗ ಒಮ್ಮೆ ಕೇಳಿದ್ದೀ.

ನಮ್ಮವ್ವ ಅಡಿವೆವ್ವ ನಿನ್ನ ಕಾಗದ ಓದಿಸಿಕೊಂಡು ಕೇಳಿದಳು, "ಆ ಹುಡುಗಿ ಮನ್ಯಾಗ ಕಿಟಕಿನೂ ಇಲ್ಲೇನ?" ನಮ್ಮ ಬೇಕರಿಯ ಹಿಂದಿನ ಕೋಣೆಗೂ ಇಲ್ಲ. ಗಾಳಿ ಆಡಿದರೆ ಹಿಟ್ಟು ಒಣಗುತ್ತದೆ. ಬಾಗಿಲು ಮಾತ್ರ ನಾನು ತೆಗೆದರೆ ತೆಗೆಯುತ್ತದೆ.

ರಾಜಶ್ರೀ


ಹಿರೇಕೆರೂರು
23 ಆಗಸ್ಟ್ 2024

ರಾಜಶ್ರೀ,

ಇದನ್ನು ನಿಧಾನವಾಗಿ ಓದು. ನಾನು ನಿಧಾನವಾಗಿ ಬರೆಯಲಾರೆ.

ಮೊನ್ನೆ ಭಾನುವಾರ ತಿಳವಳ್ಳಿಯವರು ಮಾತುಕತೆಗೆ ಬಂದಿದ್ದರು. ಹುಡುಗ, ಅವನ ಅಪ್ಪ ಅವ್ವ, ಒಬ್ಬ ಸೋದರಮಾವ. ಅತ್ತೆ ಹಿಂದಿನ ದಿನವೇ ಅಪ್ಪಣೆ ಮಾಡಿದ್ದರು, "ಆ ಪಫ್ ರೊಟ್ಟಿ ಮಾಡವಾ, ಮಂದಿ ಖುಷಿ ಆಗ್ತಾರ." ನೀನು ಕೊಟ್ಟ ಗಟ್ಟಿ, ಮೂಲೆ ಕತ್ತರಿಸಿದ್ದೇ. ಮಾಡಿದೆ. ಎಲ್ಲರೂ ತಿಂದರು. ಹುಡುಗನ ಅವ್ವ "ಪದರು ಪದರು ಎಷ್ಟ್ ಛಂದ ಬಂದಾವ ನೋಡ್ರಿ" ಎಂದಾಗ ಅತ್ತೆಯ ಮುಖ ಅರಳಿತು. "ಎಲ್ಲಾ ನಮ್ಮ ಸೊಸಿದ ಕೈಗುಣ" ಎಂದರು.

ನಾನು ಚಹಾಕ್ಕೆಂದು ಒಳಗೆ ಹೋದೆ. ಸ್ಟೀಲಿನ ಲೋಟ ತೆಗೆಯಲು ಕೈ ಎತ್ತಿದಾಗ ಮೇಲಿನ ಮಾಡದಲ್ಲಿ ಪೇಪರ್ ಕಪ್ಪಿನ ಪಾಕೀಟು ಕಂಡಿತು. ನಮ್ಮ ಮನೆಯಲ್ಲಿ ಅದು ಯಾವಾಗಲೂ ಇರುತ್ತದೆ. ಚೀಲ ಹೊರುವವರಿಗೆ, ಗಟಾರ ಬಳಿಯುವವರಿಗೆ, ನಿನಗೆ. ಯೋಚನೆ ಮಾಡಿದೆ ಎಂದು ಹೇಳಲಾರೆ. ಕೈ ಲೋಟ ಬಿಟ್ಟು ಪಾಕೀಟು ಹಿಡಿಯಿತು. ಎಲ್ಲರಿಗೂ ಅದರಲ್ಲೇ ಸುರಿದೆ. ಬೀಗರಾಗುವವರಿಗೆ, ಮಾವನಿಗೆ, ಅತ್ತೆಗೆ, ಇವರಿಗೆ, ನನಗೂ. ತಂದು ನಡುಮನೆಯಲ್ಲಿ ಹಿಡಿದೆ.

ಹುಡುಗನ ಅವ್ವ ಒಳ್ಳೆಯವಳು, "ಇರ್ಲಿ ಬಿಡ್ರಿ, ತೊಳಿಯೂದು ತಪ್ಪತೈತಿ" ಎಂದಳು. ಅತ್ತೆ ಮಾತ್ರ ನಗುತ್ತಲೇ ಹಲ್ಲು ಕಚ್ಚಿ ಕೇಳಿದರು, "ಲೋಟಾ ಎಲ್ಲಿ ಹೋದ್ವು?"

"ಅಲ್ಲೇ ಅದಾವ್ರಿ ಅತ್ತಿ. ರಾಜಶ್ರೀ ನಮ್ಮ ಮನಿಗೆ ಬಂದಾಗ ಅಕಿಗೆ ಇದ್ರಾಗ ಕೊಟ್ಟಿದ್ರಲ್ರಿ. ಈಗ ಅಕಿ ಕೈಲೆ ಮಾಡಿದ್ದು ನಾವೆಲ್ಲಾರೂ ತಿಂದೇವಿ. ಅಂದಮ್ಯಾಲೆ ನಮಗೂ ಇದ್ರಾಗ ಅಲ್ರಿ?"

ಸೋದರಮಾವ ಕೇಳಿದ, "ಯಾರವಾ ರಾಜಶ್ರೀ ಅಂದ್ರ?"

"ನನ್ನ ಗೆಳತಿ ರೀ. ಹತ್ತಿಮತ್ತೂರಾಕಿ. ಊರ ಹೊರಗಿನ ಕೇರ್ಯಾಗ ಅವರ ಮನಿ. ಈ ಪದರು ಅಕಿ ಕೈಗುಣ, ನಂದಲ್ಲ."

ಸೋದರಮಾವ ಕೈಯಲ್ಲಿದ್ದ ತುಂಡನ್ನು ಮೆಲ್ಲಗೆ ತಟ್ಟೆಗಿಟ್ಟ. ಹುಡುಗನ ಅಪ್ಪ ಕಪ್ಪು ಹಿಡಿದುಕೊಂಡು ಕುಡಿಯಲೂ ಇಲ್ಲ, ಇಡಲೂ ಇಲ್ಲ. ಹುಡುಗ ಮಾತ್ರ ತನ್ನ ಪಾಲಿನದನ್ನು ಪೂರ್ತಿ ತಿಂದು ಕೈ ಒರೆಸಿಕೊಂಡ. ಧೈರ್ಯವೋ ಹಸಿವೆಯೋ ಗೊತ್ತಿಲ್ಲ.

ಹೇಳಿ ಕಳಿಸುತ್ತೇವೆ ಎಂದು ಎದ್ದು ಹೋದರು. ಇನ್ನೂ ಹೇಳಿ ಕಳಿಸಿಲ್ಲ.

ಅವರು ಹೋದ ಮೇಲೆ ಮಾವ ಒಂದೇ ಮಾತು ಹೇಳಿದರು, "ಅದನ್ನ ಮ್ಯಾಲ ಹಾಕ್ರಿ." ನನ್ನ ತವರಿನವರು ಕೊಟ್ಟ ಓವನ್ನಿಗೆ ಚೀಲ ಸುತ್ತಿ, ಹಗ್ಗ ಬಿಗಿದು ಅಟ್ಟಕ್ಕೇರಿಸಿದ್ದಾರೆ. ನನ್ನ ಫೋನು "ರಿಪೇರಿಗೆ" ಹೋಗಿದೆ, ಕೆಟ್ಟೇ ಇರಲಿಲ್ಲ. ಇವರು ನನ್ನ ಜೊತೆ ಮಾತಾಡುತ್ತಿಲ್ಲ. ಅತ್ತೆ ನನಗೆ ಕೇಳುವ ಹಾಗೆ ಗೋಡೆಯ ಜೊತೆ ಮಾತಾಡುತ್ತಾರೆ. ಮೊದಲು ಕಿಟಕಿಗೆ ಚೀಲವಿತ್ತು, ಈಗ ಮನೆಯ ತುಂಬ ಚೀಲ ಒಟ್ಟಿದ ಹಾಗಾಗಿದೆ. ಉಸಿರು ಕಟ್ಟುತ್ತದೆ ರಾಜಿ.

ಎಲ್ಲಕ್ಕಿಂತ ಸಂಕಟ ಭಾಗ್ಯಶ್ರೀಯದು. ಅವಳು ನನಗೇನೂ ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಈ ಕಾಗದ ಅವಳ ಕೈಯಲ್ಲೇ ಕಳಿಸಬೇಕು. ಒಯ್ಯುತ್ತಾಳೋ ಇಲ್ಲವೋ, ಗೊತ್ತಿಲ್ಲ. ನಿನಗೆ ಮುಟ್ಟಿದರೆ ಒಯ್ದಳು ಎಂದೇ ಅರ್ಥ.

ನಿನ್ನ
ನಾಗರತ್ನಾ


ಹತ್ತಿಮತ್ತೂರು
11 ಅಕ್ಟೋಬರ್ 2024

ನಾಗಿ,

ಮುಟ್ಟಿದೆ. ಆ ಹುಡುಗಿಗೆ ನನ್ನದೊಂದು ಥ್ಯಾಂಕ್ಸ್ ಹೇಳು. ಅವಳ ಹೆಸರು ಹೇಳಿ ಇಷ್ಟು ದಿನ ನೀನು ತಪ್ಪಿಸಿಕೊಂಡೆ ಎಂದು ಸಿಟ್ಟಿತ್ತು, ಈಗ ಅವಳದೇ ಚಿಂತೆಯಾಗಿದೆ.

ನಿನ್ನ ಕಾಗದ ಓದಿ ನಾನು ಕುಣಿದಾಡಿದೆ ಅಂದುಕೊಳ್ಳಬೇಡ. ಮೊದಲು ಹೆದರಿದೆ. ನೀನು ಮಾಡಿದ್ದು ನೀನಿರುವ ಮನೆಯಲ್ಲಿ. ನಾನಾದರೆ ಎದ್ದು ಬಸ್ಸು ಹತ್ತಿ ಬಂದೆ, ನೀನು ಎಲ್ಲಿಗೆ ಹತ್ತುತ್ತೀ? ಅವ್ವ ಮಾತ್ರ ನಕ್ಕಳು. "ಎಲ್ಲಾರಿಗೂ ಕೊಟ್ಳಾ? ಮಾವಗೂ?" ಎಂದು ಮತ್ತೆ ಮತ್ತೆ ಕೇಳಿ ಕಣ್ಣೀರು ಬರುವಷ್ಟು ನಕ್ಕಳು. ನಮ್ಮ ತಮ್ಮ ದುರ್ಗೇಶ ಊಟ ಬಿಟ್ಟು ಕೂತು ಕೇಳಿದ.

ಬರೆಯಲು ತಡವಾಯಿತು. ಏನು ಬರೆದರೂ ಹಗುರ ಎನಿಸುತ್ತಿತ್ತು. ಇವತ್ತು ಒಂದು ಸಂಗತಿ ನಡೆಯಿತು, ಅದನ್ನು ಬರೆಯುತ್ತೇನೆ.

ಹಬ್ಬದ ಖಾರಾ ಒಯ್ಯಲು ನಿನ್ನ ಗಂಡ ಬೇಕರಿಗೆ ಬಂದಿದ್ದರು. ನಾನು ಹಿಂದಿನ ಕೋಣೆಯಿಂದ ಹೊರಗೆ ಬಂದೆ. ಅವರು ಎಂದಿನಂತೆ ಬಿಸ್ಕೀಟಿನ ಭರಣಿ ನೋಡತೊಡಗಿದರು. ನಾನು ಅವರಿಗೂ ಭರಣಿಗೂ ನಡುವೆ ಹೋಗಿ ನಿಂತೆ.

"ಮುಂದಿನ ಸಲ ಬಂದಾಗ ನಂದೊಂದು ಗಂಟು ಒಯ್ರಿ," ಎಂದೆ.

"ಎಷ್ಟಾಗ್ತೈತಿ?" ಎಂದರು, ಪಾಕೀಟಿಗೆ ಕೈ ಹಾಕಿ.

"ರೊಕ್ಕಾ ಬ್ಯಾಡ್ರಿ. ಬಿಲ್ಲೂ ಇಲ್ಲ. ಅಂಗಡಿ ಮಾಲಲ್ಲ ಅದು. ನಮ್ಮ ಮನ್ಯಾಗ, ನಮ್ಮ ಹಿಟ್ಟಿನ್ಯಾಗ ಮಾಡಿದ್ದು. ರಾಜಶ್ರೀ ನಾಗರತ್ನಾಗ ಕೊಟ್ಟಿದ್ದು. ನನ್ನ ಕೈಯಿಂದ ನಿಮ್ಮ ಕೈಗೆ ಕೊಡ್ತೇನಿ. ಒಯ್ಯೂದಿದ್ರ ಒಯ್ರಿ, ಇಲ್ಲಂದ್ರ ಬಿಡ್ರಿ."

ಮುಬಶೀರ ಅಣ್ಣ ಲೆಕ್ಕ ಬರೆಯುವುದು ನಿಲ್ಲಿಸಿ ನೋಡುತ್ತಿದ್ದರು. ನಿನ್ನ ಗಂಡ ಖಾರಾದ ರೊಕ್ಕ ಎಣಿಸಿ ಇಟ್ಟರು. ಖಾರಾ ತೆಗೆದುಕೊಂಡು ಹೋದರು. ಹೋಗುವಾಗ ಮಾತ್ರ ತಿರುಗಿ, "ಮಂಗಳವಾರ ಬರ್ತೇನಿ" ಎಂದರು.

ಮಂಗಳವಾರ ಬರುತ್ತಾರೋ, ಬಂದರೆ ಕೈ ಒಡ್ಡುತ್ತಾರೋ ನನಗೆ ಗೊತ್ತಿಲ್ಲ. ಹಿಟ್ಟಂತೂ ಮಾಡಿಡುತ್ತೇನೆ. ಎರಡೇ ಮಡಿಕೆ ಹಾಕುತ್ತೇನೆ. ಮೂರನೆಯದು ನಿನಗೆ.

ರಾಜಿ


ಹಿರೇಕೆರೂರು
16 ಅಕ್ಟೋಬರ್ 2024, ಬುಧವಾರ

ಪ್ರೀತಿಯ ರಾಜಿ,

ಈ ಸಲ ಹೀಗೇ ಶುರು ಮಾಡುತ್ತೇನೆ, ಹರಿಯುವುದಿದ್ದರೆ ಹರಿ.

ನಿನ್ನೆ ಸಂಜೆ ಇವರು ಬಂದರು. ಕೈಯಲ್ಲಿ ಒದ್ದೆ ಬಟ್ಟೆಯ ಗಂಟು, ಥರ್ಮಾಕೋಲ್ ಡಬ್ಬಿಯೂ ಇಲ್ಲ. ಸೀದಾ ಅಡುಗೆಮನೆಗೆ ಬಂದು ಕಟ್ಟೆಯ ಮೇಲೆ ಇಟ್ಟರು. ಎರಡು ತಿಂಗಳಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು, "ಬಿಲ್ ಇಲ್ಲಂತ." ಹೇಳಿ ಕೈಯನ್ನೇ ನೋಡಿಕೊಳ್ಳುತ್ತ ನಿಂತರು. ಅತ್ತೆ ಬಾಗಿಲಲ್ಲಿ ನಿಂತು ಗಂಟನ್ನೂ ಮಗನನ್ನೂ ನೋಡಿ ಒಳಗೆ ಹೋದರು.

ಬಿಚ್ಚಿದೆ. ಮೂಲೆ ಇತ್ತು. ಎರಡು ಗುಳಿ, ಎರಡೂ ಎಡಕ್ಕೆ ವಾರೆ. ಇವತ್ತು ಬೆಳಿಗ್ಗೆ ಎದ್ದವಳೇ ಲಟ್ಟಿಸಿ ಮೂರನೆಯ ಮಡಿಕೆ ಹಾಕಿದೆ. ಕಿರುಬೆರಳನ್ನೇ ಒತ್ತಿದೆ. ನನ್ನದು ನೆಟ್ಟಗೆ ಬಂತು, ನಿನ್ನ ಸೊಟ್ಟ ಗುಳಿಗಳ ಪಕ್ಕ ಅದೇ ಹೊರಗಿನದರ ಹಾಗೆ ಕಾಣುತ್ತಿತ್ತು.

ಓವನ್ ಅಟ್ಟದ ಮೇಲಿತ್ತಲ್ಲ. ಏಣಿ ತಂದು ನಾನೇ ಹತ್ತಿದೆ. "ಏಣಿ ಹಿಡೀರಿ" ಎಂದೆ, ಇವರು ಹಿಡಿದರು. ಹಗ್ಗದ ಗಂಟು ಬಿಚ್ಚಲು ಬರಲಿಲ್ಲ, ಈಳಿಗೆಯಿಂದ ಕೊಯ್ದೆ. ಟಮಾಟಿಗೆ ಉಪ್ಪು ಹಚ್ಚಿ ಸೋಸಿದೆ, ಉಳ್ಳಾಗಡ್ಡಿ ಹುರಿದೆ, ಖಾರಾ ಪುಡಿ ಉದುರಿಸಿದೆ. ನೋಡು, ನೆನಪಿದೆ. ಹೊಸ ಗೋವಿನಜೋಳ ಬಂದಿದೆ, ಕಿಟಕಿಗೆ ಮತ್ತೆ ಚೀಲ ಒಟ್ಟಿದ್ದಾರೆ, ಹೀಗಾಗಿ ಲೈಟಿನ ಬೆಳಕಿನಲ್ಲೇ ಅಂಚು ಏಳುವುದನ್ನು ನೋಡುತ್ತ ಕೂತೆ.

ಕತ್ತರಿಸಿ ನಡುಮನೆಗೆ ತಂದೆ. ಎಲ್ಲರಿಗೂ ಸ್ಟೀಲಿನ ತಟ್ಟೆ. ಮಾವ "ನಂದು ಇವತ್ತ ಉಪಾಸ" ಎಂದರು. ಅತ್ತೆಗೂ ಉಪಾಸ. ನಾನು ಹೇಳಿದೆ, "ಬುಧವಾರ ರೀ ಇವತ್ತ."

ನಾನು ಅವರ ಎದುರಿಗೇ ನಿಂತು ಮೊದಲ ತುಂಡು ತಿಂದೆ. ಆಗಷ್ಟೇ ಓವನ್ನಿನಿಂದ ತೆಗೆದದ್ದು, ಅಂಗುಳು ಸುಟ್ಟಿತು. ಉಗುಳಲಿಲ್ಲ. ಆವತ್ತು ನಿನ್ನೆದುರು ತಿನ್ನದೆ ಬಿಟ್ಟದ್ದು ಇದೇ ತುಂಡು ಎಂದು ತಿಂದೆ. ಬಹಳ ಚೆನ್ನಾಗಿತ್ತು ರಾಜಿ. ನಿನ್ನದೇ ಕೈಗುಣ.

ಭಾಗ್ಯಶ್ರೀ ಒಂದು ತುಂಡನ್ನು ಪೇಪರಿನಲ್ಲಿ ಸುತ್ತಿ ಕಾಲೇಜಿನ ಬ್ಯಾಗಿಗೆ ಹಾಕಿಕೊಂಡಳು. ತಿಳವಳ್ಳಿಯಿಂದ ಇನ್ನೂ ಸುದ್ದಿ ಇಲ್ಲ. ಅವಳು ನನ್ನ ಜೊತೆ ಮಾತಾಡುವುದೂ ಇಲ್ಲ, ನನ್ನ ಕಾಗದ ಒಯ್ಯುವುದನ್ನು ಬಿಟ್ಟೂ ಇಲ್ಲ.

ನಾನು ಎಲ್ಲಿಗೂ ಹೋಗಿಲ್ಲ. ಇದೇ ಮನೆ, ಇದೇ ಚೀಲ, ಇದೇ ಲೈಟು. ಫೋನು ಇನ್ನೂ ರಿಪೇರಿಯಲ್ಲೇ ಇದೆ. ಹಾಗೆಲ್ಲ ಒಂದು ಟಾರ್ಟ್ ತಿಂದರೆ ಬಾಗಿಲು ತೆರೆಯುತ್ತದೆ ಎಂದು ನಿನಗೆ ಸುಳ್ಳು ಬರೆಯಲಾರೆ.

ಇವರ ತಟ್ಟೆಯನ್ನೂ ಮುಂದಿಟ್ಟೆ. ಇವರು ಉಪಾಸ ಎನ್ನಲಿಲ್ಲ. ತುಂಡನ್ನು ಬಹಳ ಹೊತ್ತು ನೋಡಿದರು. ಅಪ್ಪನ ಕಡೆ ನೋಡಿದರು, ಅವ್ವನ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

"ಆಮ್ಯಾಲೆ ತಿಂತೇನಿ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಮಾತು ನನ್ನದು. ಅದರಿಂದ ಹೊರಗೆ ಬರಲು ನನಗೆ ಎಷ್ಟು ದಿನ ಹಿಡಿಯಿತು ಎನ್ನುವುದು ನಮಗಿಬ್ಬರಿಗೂ ಗೊತ್ತು. ಅವರ ಪಾಲಿನ ತುಂಡನ್ನು ಸ್ಟೀಲಿನ ತಟ್ಟೆಯಲ್ಲೇ ಇಟ್ಟು, ಮೇಲೊಂದು ತಟ್ಟೆ ಮುಚ್ಚಿದ್ದೇನೆ.

ನಿನ್ನ
ನಾಗಿ